ರಾಗಿ ಎಷ್ಟು ಹೆಕ್ಟೇರ್? ಪಹಣಿ, ಆ್ಯಪ್, ಉಪಗ್ರಹ ಮತ್ತು ಹೊಲದ ತಪಾಸಣೆ ಸೇರಿಸಿ ಬೆಳೆ ಅಂಕಿಅಂಶ ಸುಧಾರಿಸುವ ಸಮಗ್ರ ಮಾರ್ಗದರ್ಶಿ

ಒಂದೇ ತಾಲ್ಲೂಕು, ಒಂದೇ ಮುಂಗಾರು, ಒಂದೇ ಬೆಳೆ. ಆದರೂ ರಾಗಿ ಬಿತ್ತಿದ ವಿಸ್ತೀರ್ಣ ಎಷ್ಟು ಎಂದು ಕೇಳಿದರೆ ಪಹಣಿಯ 12ನೇ ಕಾಲಂ, ಅಂದರೆ ಬೆಳೆ ಕಾಲಂ, ಒಂದು ಅಂಕಿ ಕೊಡುತ್ತದೆ, ಬೆಳೆ ಸಮೀಕ್ಷೆ ಆ್ಯಪ್ ಇನ್ನೊಂದು, ಉಪಗ್ರಹ ಚಿತ್ರ ಮತ್ತೊಂದು, ಕೃಷಿ ಇಲಾಖೆಯ ವಾರದ ಬಿತ್ತನೆ ವರದಿ ಮಗದೊಂದು. ಇವುಗಳಲ್ಲಿ ಯಾವುದು ಸರಿ ಎಂದು ಜಗಳಕ್ಕೆ ನಿಂತರೆ ಉತ್ತರ ಸಿಗದು, ಏಕೆಂದರೆ ಯಾವುದೂ ಪೂರ್ತಿ ಸರಿಯಲ್ಲ. ಪ್ರತಿಯೊಂದು ಮೂಲಕ್ಕೂ ಚೆನ್ನಾಗಿ ಬರುವ ಕೆಲಸ ಒಂದಿದೆ, ಕೈಲಾಗದ ಕೆಲಸವೂ ಒಂದಿದೆ.

ರೂಢಿಯಲ್ಲಿ ಈ ವ್ಯತ್ಯಾಸವನ್ನು ಬಗೆಹರಿಸುವುದು ಸಭೆಯಲ್ಲಿ. ಇಲಾಖೆಗಳವರು ಒಟ್ಟಿಗೆ ಕೂತು, ಹೋದ ವರ್ಷದ ಅಂಕಿ ಮುಂದಿಟ್ಟುಕೊಂಡು, ಎಲ್ಲರಿಗೂ ಒಪ್ಪಿಗೆಯಾಗುವ ಸಂಖ್ಯೆಗೆ ಬಂದು ಸಹಿ ಹಾಕುತ್ತಾರೆ. ಅದಕ್ಕೆ ಹೊಂದಾಣಿಕೆ ಎನ್ನಬಹುದು, ದತ್ತಾಂಶ ಸಂಯೋಜನೆ ಎನ್ನಲಾಗದು. ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ಮೂಲಗಳು ಒಂದರ ತಪ್ಪನ್ನು ಇನ್ನೊಂದು ತಿದ್ದಬೇಕು, ಉಳಿದ ತಪ್ಪು ಎಷ್ಟಿರಬಹುದು ಎಂಬುದೂ ಅಂಕಿಯ ಜೊತೆಗೇ ಪ್ರಕಟವಾಗಬೇಕು. ಆಗ ಮಾತ್ರ ಅದು ಸಂಯೋಜನೆ. ಆ ಕೆಲಸವನ್ನು ಒಂದು ತಾಲ್ಲೂಕಿನ ರಾಗಿಯನ್ನು ಹಿಡಿದುಕೊಂಡು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿಯ ಸಿಬ್ಬಂದಿ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು, ರೈತ ಉತ್ಪಾದಕ ಕಂಪನಿ ನಡೆಸುವವರು, ಈ ಅಂಕಿಗಳನ್ನು ಬಳಸಿ ಬರೆಯುವ ಪತ್ರಕರ್ತರು ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ರಾಗಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮ ಕರ್ನಾಟಕ. ಬೆಂಬಲ ಬೆಲೆ ಖರೀದಿ, ಬೆಳೆ ವಿಮೆ, ಬರ ಪರಿಹಾರ ಮೂರೂ ಈ ವಿಸ್ತೀರ್ಣದ ಅಂಕಿಯನ್ನೇ ನೆಚ್ಚಿಕೊಂಡಿವೆ. ಅಂಕಿ ತಪ್ಪಿದರೆ ಅದರ ನಷ್ಟ ಬೀಳುವುದು ಎರಡೆಕರೆ ಖುಷ್ಕಿ ಇರುವವರ ಮೇಲೆ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ತಾಲ್ಲೂಕಿನಲ್ಲಿ ರಾಗಿ ಎಷ್ಟು?" ಎಂಬುದು ಅರ್ಧ ಪ್ರಶ್ನೆ. ಬಿತ್ತಿದ ವಿಸ್ತೀರ್ಣವೋ, ಕಟಾವಾದ ವಿಸ್ತೀರ್ಣವೋ? ಮಳೆ ಕೈಕೊಟ್ಟು ಒಣಗಿದ್ದನ್ನು ದನಕ್ಕೆ ಬಿಟ್ಟ ಹೊಲ ಲೆಕ್ಕಕ್ಕೆ ಸೇರಬೇಕೋ ಬೇಡವೋ? ಮುಂಗಾರು ಮಾತ್ರವೋ, ಬೇಸಿಗೆಯ ನೀರಾವರಿ ರಾಗಿಯೂ ಸೇರಿಯೋ? ನಮ್ಮಲ್ಲಿ ಕೃಷಿ ವರ್ಷ ಜುಲೈಯಿಂದ ಜೂನ್‌ವರೆಗೆ. ಆದರೆ ಖರೀದಿ ಕೇಂದ್ರದ ದಾಖಲೆ ಮಾರಾಟ ಋತುವನ್ನು ಅನುಸರಿಸುತ್ತದೆ, ಬಜೆಟ್ ಏಪ್ರಿಲ್‌ನಿಂದ ಶುರುವಾಗುತ್ತದೆ. ಅವಧಿ ಹೊಂದದ ಎರಡು ಪಟ್ಟಿಗಳನ್ನು ಕೂಡಿಸಿದರೆ ಬರುವ ವ್ಯತ್ಯಾಸಕ್ಕೂ ಹೊಲದ ವಾಸ್ತವಕ್ಕೂ ಸಂಬಂಧವೇ ಇರುವುದಿಲ್ಲ.

ಇಲ್ಲಿ ನಾವು ಇಟ್ಟುಕೊಳ್ಳುವ ಪ್ರಶ್ನೆ ಇದು: ಮುಂಗಾರು ಹಂಗಾಮಿನಲ್ಲಿ, ತಾಲ್ಲೂಕಿನ ಗಡಿಯೊಳಗೆ, ರಾಗಿ ಬಿತ್ತನೆಯಾಗಿ ಮೊಳೆತು ನಿಂತ ಒಟ್ಟು ವಿಸ್ತೀರ್ಣ ಎಷ್ಟು ಹೆಕ್ಟೇರ್?

ಮಿಶ್ರ ಬೆಳೆಯ ನಿಯಮವನ್ನೂ ಇಲ್ಲೇ ಬರೆದುಬಿಡಿ. ಹಳೇ ಮೈಸೂರು ಭಾಗದಲ್ಲಿ ರಾಗಿ ಹೊಲವೆಂದರೆ ಬರೀ ರಾಗಿಯಲ್ಲ, ನಡುನಡುವೆ ಅವರೆ, ಹುಚ್ಚೆಳ್ಳು, ಜೋಳ, ಅಲಸಂದೆಯ ಅಕ್ಕಡಿ ಸಾಲು ಇರುತ್ತದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಇರುವ ಎರಡು ಎಕರೆಯನ್ನು ಒಬ್ಬರು "ರಾಗಿ 2 ಎಕರೆ" ಎಂದು ಬರೆಯುತ್ತಾರೆ. ಇನ್ನೊಬ್ಬರು ಸಾಲಿನ ಪ್ರಮಾಣದಲ್ಲಿ ಹಂಚುತ್ತಾರೆ. ಎರಡೂ ಬೆಳೆಗೆ ಎರಡೆರಡು ಎಕರೆ ಬರೆದು ಭೂಮಿಯನ್ನೇ ದುಪ್ಪಟ್ಟು ಮಾಡುವವರೂ ಇದ್ದಾರೆ. ಯಾವ ನಿಯಮವಾದರೂ ಸರಿ, ಎಲ್ಲ ಮೂಲಗಳಿಗೂ ಒಂದೇ ಇರಲಿ. ನನ್ನ ಒಲವು ಸಾಲಿನ ಪ್ರಮಾಣದ ಹಂಚಿಕೆಯ ಕಡೆಗೆ. ಅವರೆ, ಹುಚ್ಚೆಳ್ಳಿನ ಲೆಕ್ಕ ಸಿಗುವುದಕ್ಕೆ ಬೇರೆ ದಾರಿಯಿಲ್ಲ.

ಹಂತ 2: ಪ್ರತಿ ಮೂಲವೂ ಯಾತಕ್ಕಾಗಿ ಹುಟ್ಟಿತು ಎಂದು ತಿಳಿಯಿರಿ

ಯಾವ ದಾಖಲೆಯನ್ನು ಯಾರು, ಯಾತಕ್ಕಾಗಿ ತುಂಬುತ್ತಾರೋ ಅದರ ತಪ್ಪೂ ಆ ಕಡೆಗೇ ವಾಲಿರುತ್ತದೆ. ಇದೊಂದನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ.

ಪಹಣಿ, ಅಂದರೆ ಆರ್‌ಟಿಸಿ, ಮೂಲತಃ ಹಕ್ಕಿನ ದಾಖಲೆ. ಭೂಮಿ ತಂತ್ರಾಂಶದಲ್ಲಿ ಗಣಕೀಕೃತವಾಗಿರುವುದರಿಂದ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಖರಾಬು ಇವುಗಳ ಪಟ್ಟಿ ಬೇಕಿದ್ದರೆ ಇದಕ್ಕಿಂತ ಪೂರ್ಣವಾದದ್ದು ಇನ್ನೊಂದಿಲ್ಲ. ಬೆಳೆ ಕಾಲಂನ ಕಥೆ ಬೇರೆ. ಅದು ಹಳೆಯದಾಗಿಯೇ ಉಳಿದಿರಬಹುದು, ಖಾಲಿಯೂ ಇರಬಹುದು. ಹಾಗಾಗಿ ಪಹಣಿಯನ್ನು ತಾಕುಗಳ ಪಟ್ಟಿಗೆ ಬಳಸಿ, ಬೆಳೆಗೆ ಬಳಸಬೇಡಿ.

ಬೆಳೆ ಸಮೀಕ್ಷೆ 2017ರ ಮುಂಗಾರಿನಿಂದ ಮೊಬೈಲ್ ಆ್ಯಪ್ ಮೂಲಕ ನಡೆಯುತ್ತಿದೆ. ಪಿಆರ್ ಎಂದು ಕರೆಯುವ ಊರಿನ ಖಾಸಗಿ ನಿವಾಸಿಗಳು ತಾಕಿಗೆ ಹೋಗಿ, ಜಿಪಿಎಸ್ ಗಡಿಯೊಳಗೆ ನಿಂತು, ಬೆಳೆ ದಾಖಲಿಸಿ ಫೋಟೊ ತೆಗೆಯುತ್ತಾರೆ. ರೈತರೇ ದಾಖಲಿಸುವ ಆ್ಯಪ್ 2020ರಲ್ಲಿ ಬಂತು. ಮಾದರಿ ಹಳ್ಳಿಗಳಿಗೆ ಸೀಮಿತವಾಗದೆ ತಾಕು ತಾಕಿಗೂ ಮಾಹಿತಿ ಸಿಗುವುದು ಇದರ ದೊಡ್ಡ ಬಲ. ಸಕಾಲಿಕ ವರದಿ ಯೋಜನೆಯ ಹಳೆಯ ಕ್ರಮದಲ್ಲಿ ವರ್ಷಕ್ಕೆ ಶೇ 20ರಷ್ಟು ಹಳ್ಳಿಗಳನ್ನಷ್ಟೇ ಮೊದಲು ನೋಡಿ, ಐದು ವರ್ಷಕ್ಕೆ ಎಲ್ಲ ಹಳ್ಳಿ ಮುಗಿಸುತ್ತಿದ್ದರು ಎಂಬುದನ್ನು ನೆನೆದರೆ ಇದು ಎಂಥ ಜಿಗಿತ ಎಂದು ಗೊತ್ತಾಗುತ್ತದೆ. ಇದರ ಕೊರತೆಯೆಂದರೆ ತಾಕಿಗೆ ಇಷ್ಟು ಎಂದು ಹಣ ಪಡೆಯುವವರ ಅವಸರ, ರಸ್ತೆ ಬದಿಯ ತಾಕು ನೋಡಿ ಒಳಗಿನದ್ದನ್ನು ಊಹಿಸುವ ಅಭ್ಯಾಸ, ಬಿತ್ತನೆಗೆ ಮೊದಲೇ ಭೇಟಿ ಕೊಟ್ಟು "ಬೆಳೆ ಇಲ್ಲ" ಎಂದು ಬರೆದು ಮತ್ತೆ ಹೋಗದೆ ಇರುವುದು. ಬೆಂಬಲ ಬೆಲೆಗೆ ರಾಗಿ ಮಾರಲು ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ ತಂತ್ರಾಂಶ) ನೋಂದಣಿ ಬೇಕು, ಬೆಳೆ ದಾಖಲೆ ಬೇಕು. ಆದ್ದರಿಂದ ಬೆಂಬಲ ಬೆಲೆ ಪೇಟೆಗಿಂತ ಮೇಲಿರುವ ವರ್ಷ "ರಾಗಿ" ಎಂದು ದಾಖಲಾಗುವ ಒತ್ತಡವೂ ಏರುತ್ತದೆ. 2025-26ಕ್ಕೆ ಘೋಷಿತ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಇದರಲ್ಲಿ ರೈತರ ತಪ್ಪು ಹುಡುಕಬೇಕಿಲ್ಲ. ಸೌಲಭ್ಯಕ್ಕೆ ಜೋಡಿಸಿದ ಯಾವ ದಾಖಲೆಗೂ ಈ ಗುಣ ಬಂದೇ ಬರುತ್ತದೆ.

ಉಪಗ್ರಹಕ್ಕೆ ಯಾರ ಹಂಗೂ ಇಲ್ಲ, ಆದರೆ ಅದರ ಕಣ್ಣಿಗೆ ಮಿತಿಯಿದೆ. ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದ ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್‌ಗೆ ಕೊಂಚ ಹೆಚ್ಚು. ಹಾಗಾಗಿ ಒಂದು ಪಿಕ್ಸೆಲ್ ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ ಎಂದೇ ಲೆಕ್ಕ ಹಿಡಿಯಿರಿ. ಇಪ್ಪತ್ತು ಗುಂಟೆಯ ತಾಕಿಗೆ ಇಪ್ಪತ್ತು ಪಿಕ್ಸೆಲ್ ಸಿಗುತ್ತವೆ, ಅದರಲ್ಲೂ ಬದುವಿನ ಸುತ್ತ ಇರುವವು ಪಕ್ಕದ ಹೊಲದ ಜೊತೆ ಬೆರೆತಿರುತ್ತವೆ. ಉದ್ದಕ್ಕೆ ಸೀಳಿದ ಕಿರಿದಾದ ಹಿಸ್ಸಾಗಳಲ್ಲಿ ಶುದ್ಧ ಪಿಕ್ಸೆಲ್ ಒಂದೂ ಸಿಗದೆ ಹೋಗಬಹುದು. ಆಗಸ್ಟ್‌ನ ಮೋಡ ಬೇರೆ. ಮೋಡದ ಮೂಲಕ ನೋಡಬಲ್ಲ ಸೆಂಟಿನೆಲ್-1 ರಾಡಾರ್ ಅಲ್ಲಿ ನೆರವಿಗೆ ಬರುತ್ತದೆ. ಆದರೆ ರಾಗಿಯನ್ನು ಅದರ ಹಾಗೇ ಕಾಣುವ ಬೇರೆ ಕುಳ್ಳ ಧಾನ್ಯದಿಂದ ಬೇರ್ಪಡಿಸುವುದು ಅದಕ್ಕೂ ಸುಲಭವಲ್ಲ. "ಇಲ್ಲಿ ಹಸಿರು ಇದೆಯೇ ಇಲ್ಲವೇ" ಎಂಬ ಪ್ರಶ್ನೆಗೆ ಉಪಗ್ರಹ ನಂಬುವಂಥ ಉತ್ತರ ಕೊಡುತ್ತದೆ. "ಇದು ಯಾವ ಬೆಳೆ" ಎಂಬುದಕ್ಕೆ ಅಷ್ಟು ಖಚಿತ ಉತ್ತರ ಅದರಲ್ಲಿಲ್ಲ.

ಇವಲ್ಲದೆ ರೈತ ಸಂಪರ್ಕ ಕೇಂದ್ರದ ಬೀಜ ಮಾರಾಟ, ಮಳೆಮಾಪನ, ಎಪಿಎಂಸಿ ಆವಕ, ಖರೀದಿ ಕೇಂದ್ರದ ಲೆಕ್ಕ ಇವೆ. ಇವನ್ನು ಅಂದಾಜಿನೊಳಗೆ ಸೇರಿಸಬೇಡಿ, ಅಂದಾಜು ಬಂದ ಮೇಲೆ ಪರೀಕ್ಷೆಗೆ ಇಟ್ಟುಕೊಳ್ಳಿ. ಮನೆಯಲ್ಲಿಟ್ಟ ಬೀಜ ಬಿತ್ತುವವರು, ಊಟಕ್ಕೆ ಉಳಿಸಿಕೊಳ್ಳುವವರು ಬಹಳ ಇರುವ ಬೆಳೆಯಿದು.

ಹಂತ 3: ಜೋಡಿಸುವ ಕೀಲಿಯನ್ನು ಶುದ್ಧ ಮಾಡಿ

ಹೆಚ್ಚಿನ ಪ್ರಯತ್ನಗಳು ಬೀಳುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ತಾಕನ್ನು ಗುರುತಿಸುವ ಕೀಲಿ ಇವಿಷ್ಟು: ಗ್ರಾಮದ ಕೋಡ್, ಸರ್ವೆ ನಂಬರ್, ಸರ್ನಾಕ್ (ಸರ್ವೆ ನಂಬರಿನ ಪಕ್ಕದ ಉಪಗುರುತು), ಹಿಸ್ಸಾ (ಆ ನಂಬರಿನ ಒಂದು ಪಾಲು). ಒಂದು ಫೈಲ್‌ನಲ್ಲಿ "45/2ಎ", ಇನ್ನೊಂದರಲ್ಲಿ "45/*/2A", ಮತ್ತೊಂದರಲ್ಲಿ "೪೫-೨ಅ". ಕಣ್ಣಿಗೆ ಮೂರೂ ಒಂದೇ, ಕಂಪ್ಯೂಟರ್‌ಗೆ ಮೂರೂ ಬೇರೆ. ಜೋಡಿಸುವ ಮೊದಲು ಇಷ್ಟು ಮಾಡಿ:

ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಮೂರನ್ನೂ ಬೇರೆ ಬೇರೆ ಕಾಲಂಗೆ ಒಡೆಯಿರಿ. ಕನ್ನಡ ಅಂಕಿಯನ್ನೂ ಇಂಗ್ಲಿಷ್ ಅಂಕಿಯನ್ನೂ ಒಂದೇ ರೂಪಕ್ಕೆ ತನ್ನಿ. ಹಿಸ್ಸಾ ಅಕ್ಷರಗಳಿಗೆ ಒಂದು ಪಟ್ಟಿ ಮಾಡಿ. ಅ, ಎ, ಇಂಗ್ಲಿಷ್ ಎ ಇವುಗಳಲ್ಲಿ ಯಾವುದು ಯಾವುದಕ್ಕೆ ಸಮ ಎಂಬುದನ್ನು ಊಹಿಸಬೇಡಿ, ಆ ಗ್ರಾಮದ ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪುಸ್ತಕ) ನೋಡಿ ತೀರ್ಮಾನಿಸಿ. ಎಕ್ಸೆಲ್‌ನಲ್ಲಿ ತೆರೆಯುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಎಂದು ಘೋಷಿಸಿ. ಇಲ್ಲವಾದರೆ 5/2 ಎಂಬ ಸರ್ವೆ ನಂಬರ್ ಕಣ್ಣೆದುರೇ ತಾರೀಖಾಗಿಬಿಡುತ್ತದೆ. ಸೇವ್ ಮಾಡಿದ ಮೇಲೆ ಅದು ಐದನೇ ನಂಬರಿನ ಎರಡನೇ ಹಿಸ್ಸಾ ಆಗಿತ್ತೋ ಎರಡನೇ ನಂಬರಿನ ಐದನೆಯದೋ ಹೇಳುವವರಿಲ್ಲ.

ಹೆಸರಿನ ಮೇಲೆ ಜೋಡಿಸಲು ಹೋಗದಿರುವುದೇ ಒಳ್ಳೆಯದು. ಪೌತಿ ಖಾತೆ ಆಗದೆ ತಾತನ ಹೆಸರಲ್ಲೇ ಉಳಿದ ಪಹಣಿ, ಮೊಮ್ಮಗನ ಹೆಸರಲ್ಲಿರುವ ಫ್ರೂಟ್ಸ್ ಐಡಿ, ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಆರು ಹೆಸರು ಎಲ್ಲವೂ ಮಾಮೂಲು. ಅನಿವಾರ್ಯವಾದರೆ "ಬಿನ್", "ಕೋಂ" ಕಿತ್ತು ತಂದೆ ಅಥವಾ ಗಂಡನ ಹೆಸರನ್ನು ಬೇರೆ ಕಾಲಂಗೆ ಹಾಕಿ, ಕೊನೆಯ ಅರ್ಧಾಕ್ಷರದ ಭೇದ ತೆಗೆದು, ಗ್ರಾಮದೊಳಗೆ ಮಾತ್ರ ಹೋಲಿಸಿ. ನುಡಿ ಫಾಂಟಿನ ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ. ಪದದೊಳಗೆ ಅಡಗಿ ಕೂರುವ, ಪರದೆಯಲ್ಲಿ ಕಾಣದ ಜೋಡಕ ಅಕ್ಷರಗಳು ಒಂದೇ ಹೆಸರನ್ನು ಎರಡಾಗಿಸುತ್ತವೆ.

ಗಡಿಯ ವಿಷಯವೂ ಇದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದಕ್ಕೂ ಮೊದಲೇ ರಾಜ್ಯದಲ್ಲಿ ಹತ್ತಾರು ಹೊಸ ತಾಲ್ಲೂಕುಗಳು ಬಂದಿದ್ದವು. 2011ರ ಜನಗಣತಿಯ ಗ್ರಾಮ ಕೋಡ್, ಭೂಮಿ ಕೋಡ್, ಎಲ್‌ಜಿಡಿ (ಕೇಂದ್ರದ ಸ್ಥಳೀಯ ಆಡಳಿತ ಕೋಶ) ಕೋಡ್ ಮೂರನ್ನೂ ಎದುರುಬದುರು ಇಟ್ಟ ಒಂದು ಕೋಷ್ಟಕ ಇಲ್ಲದೆ ಹಿಂದಿನ ವರ್ಷದ ಜೊತೆ ಹೋಲಿಕೆ ಸಾಧ್ಯವಿಲ್ಲ. ಅದನ್ನು ಒಮ್ಮೆ ಮಾಡಿ, ತಾರೀಖು ಹಾಕಿ, ಎಲ್ಲರಿಗೂ ಹಂಚಿ.

ಜೋಡಣೆ ಮುಗಿದ ಮೇಲೆ ಮೂರು ಅಂಕಿ ಬರೆದಿಡಿ: ಎಷ್ಟು ತಾಕು ಸರಿಯಾಗಿ ಜೋಡಿಯಾದವು, ಎಷ್ಟು ಆ ಕಡೆ ಮಾತ್ರ ಉಳಿದವು, ಎಷ್ಟು ಈ ಕಡೆ ಮಾತ್ರ ಉಳಿದವು. ಜೋಡಿಯಾಗದವನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ದೊಡ್ಡ ತಪ್ಪು. ಜೋಡಿಯಾಗದೆ ಉಳಿಯುವವು ಸಾಮಾನ್ಯವಾಗಿ ತುಂಡುತುಂಡಾದ ಸಣ್ಣ ಹಿಸ್ಸಾಗಳು, ಅಂದರೆ ಸಣ್ಣ ಹಿಡುವಳಿದಾರರ ಜಮೀನು. ಅವರನ್ನು ಬಿಟ್ಟರೆ ಅಂಕಿ ದೊಡ್ಡ ರೈತರ ಕಡೆ ವಾಲುತ್ತದೆ.

ಹಂತ 4: ತಾಕುಗಳನ್ನು ಸ್ತರಗಳಾಗಿ ವಿಂಗಡಿಸಿ

ಈಗ ಪ್ರತಿ ತಾಕಿಗೂ ಎರಡು ಹಣೆಪಟ್ಟಿ ಇದೆ, ಆ್ಯಪ್ ಹೇಳಿದ್ದು ಮತ್ತು ಉಪಗ್ರಹ ಹೇಳಿದ್ದು. ಎರಡೂ ಒಪ್ಪುವ ತಾಕುಗಳು ಒಂದು ಸ್ತರ. "ಆ್ಯಪ್‌ನಲ್ಲಿ ರಾಗಿ, ಉಪಗ್ರಹದಲ್ಲಿ ಪಾಳು" ಇನ್ನೊಂದು. "ಆ್ಯಪ್‌ನಲ್ಲಿ ಬೆಳೆ ಇಲ್ಲ, ಉಪಗ್ರಹದಲ್ಲಿ ಹಸಿರು" ಮತ್ತೊಂದು. ಜಗಳವಿರುವ ಸ್ತರಗಳು ಚಿಕ್ಕವು, ಆದರೆ ತಪ್ಪೆಲ್ಲ ತುಂಬಿಕೊಂಡಿರುವುದು ಅಲ್ಲೇ. ಹೊಲಕ್ಕೆ ಹೋಗುವವರನ್ನು ಅಲ್ಲಿಗೆ ಹೆಚ್ಚಾಗಿ ಕಳಿಸಿ.

ಕೆಳಗಿನ ಲೆಕ್ಕ ಸರಳವಾಗಿರಲೆಂದು ಮೂರೇ ಸ್ತರ ಇಟ್ಟುಕೊಳ್ಳುತ್ತೇನೆ. ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು. ಸಾಗುವಳಿ ಯೋಗ್ಯ ಭೂಮಿ 30,000 ಹೆಕ್ಟೇರ್ ಇರುವ ತಾಲ್ಲೂಕಿನಲ್ಲಿ ಆ್ಯಪ್ ಪ್ರಕಾರ ರಾಗಿ 12,000, ಬೇರೆ ಬೆಳೆ 10,000, ಬೆಳೆ ಇಲ್ಲದ್ದು 8,000 ಹೆಕ್ಟೇರ್.

ಹಂತ 5: ಚಿಕ್ಕದಾದರೂ ನಿಷ್ಠೆಯಿಂದ ಮಾಡಿದ ಮಾದರಿ ತಪಾಸಣೆ

ಇಡೀ ವಿಧಾನದ ಜೀವಾಳ ಇದು. ಲಕ್ಷಾಂತರ ತಾಕುಗಳ ದಾಖಲೆಯಿದ್ದರೂ ಅದರಲ್ಲಿರುವ ವಾಲಿಕೆಯನ್ನು ಆ ದಾಖಲೆಯೇ ತೋರಿಸಿಕೊಡಲಾರದು. ಅದನ್ನು ತೋರಿಸುವುದು ಚೀಟಿ ಎತ್ತಿದಂತೆ ಆರಿಸಿದ ಕೆಲವೇ ನೂರು ತಾಕುಗಳು.

ಆಯ್ಕೆ ವಿಸ್ತೀರ್ಣಕ್ಕೆ ತಕ್ಕ ಹಾಗಿರಬೇಕು. ಪ್ರತಿ ಸ್ತರದ ತಾಕುಗಳನ್ನು ಸಾಲಾಗಿ ಬರೆದು ಗುಂಟೆಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋಗಿ. ರಾಗಿ ಸ್ತರದ 12,000 ಹೆಕ್ಟೇರ್ ಅಂದರೆ ಸುಮಾರು 11.86 ಲಕ್ಷ ಗುಂಟೆ. 1ರಿಂದ 11.86 ಲಕ್ಷದೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯಿರಿ, ಆ ಗುಂಟೆ ಯಾವ ತಾಕಿನೊಳಗೆ ಬೀಳುತ್ತದೋ ಅದೇ ನಿಮ್ಮ ತಾಕು. ಸ್ತರಕ್ಕೆ 100ರಂತೆ ಒಟ್ಟು 300 ತಾಕು ಆರಿಸಿ.

ತಪಾಸಣೆಗೆ ಹೋಗುವವರಿಗೆ ಆ್ಯಪ್‌ನಲ್ಲಿ ಏನು ಬರೆದಿದೆ ಎಂದು ತೋರಿಸಬೇಡಿ. ನಕ್ಷೆ ಮತ್ತು ತಾಕಿನ ಗಡಿ ಮಾತ್ರ ಕೊಡಿ. ಮೊದಲ ಉತ್ತರ ಕಂಡವರು ಅದನ್ನೇ ಖಚಿತಪಡಿಸಿ ಬರುತ್ತಾರೆ, ಅದು ಮನುಷ್ಯ ಸ್ವಭಾವ. ಆ ಗ್ರಾಮದಲ್ಲಿ ಸಮೀಕ್ಷೆ ಮಾಡಿದ ಪಿಆರ್ ಅನ್ನೇ ತಪಾಸಣೆಗೂ ಕಳಿಸಬಾರದು. ರಾಗಿ ತೆನೆ ಒಡೆದು ಇನ್ನೂ ಕೊಯ್ಲಾಗದ ಹೊತ್ತಿಗೆ ಭೇಟಿ ಮುಗಿಯಲಿ. ಕೊಯ್ದ ಮೇಲೆ ಹೋದರೆ ಕೂಳೆ ನೋಡಿ ಊಹಿಸಬೇಕಾಗುತ್ತದೆ. ಹಳ್ಳ ದಾಟಬೇಕು, ಆನೆ ಕಾಟ, ದಾರಿ ಇಲ್ಲ ಎಂಬ ಕಾರಣಕ್ಕೆ ಪಕ್ಕದ ತಾಕಿಗೆ ಬದಲಾಯಿಸಲು ಬಿಡಬೇಡಿ. ಹೋಗಲಾಗದಿದ್ದರೆ "ಹೋಗಲಾಗಲಿಲ್ಲ" ಎಂದೇ ದಾಖಲಾಗಲಿ. ದಾರಿ ಇಲ್ಲದ ಜಾಗದಲ್ಲೇ ಪಾಳು ಭೂಮಿ ಹೆಚ್ಚಿರಬಹುದು, ಪಕ್ಕದ ತಾಕು ಅದಕ್ಕೆ ಬದಲಿಯಾಗದು.

ತಾಕಿನ ಒಂದು ಭಾಗದಲ್ಲಿ ಮಾತ್ರ ರಾಗಿ ಇದ್ದರೆ ಹೌದು ಅಥವಾ ಇಲ್ಲ ಎಂದು ಬರೆಯದೆ ಶೇಕಡಾವಾರು ಬರೆಯಿರಿ.

ಹಂತ 6: ಲೆಕ್ಕ

ತಪಾಸಣೆಯಲ್ಲಿ ಕಂಡದ್ದು ಹೀಗಿರಲಿ. ಆ್ಯಪ್ "ರಾಗಿ" ಎಂದ 100 ತಾಕುಗಳಲ್ಲಿ 88ರಲ್ಲಿ ನಿಜಕ್ಕೂ ರಾಗಿ ಇತ್ತು. "ಬೇರೆ ಬೆಳೆ" ಎಂದ 100ರಲ್ಲಿ 6 ರಾಗಿ. "ಬೆಳೆ ಇಲ್ಲ" ಎಂದ 100ರಲ್ಲಿ 4 ರಾಗಿ.

ರಾಗಿ ಸ್ತರದಿಂದ: 12,000 × 0.88 = 10,560 ಹೆಕ್ಟೇರ್
ಬೇರೆ ಬೆಳೆ ಸ್ತರದಿಂದ: 10,000 × 0.06 = 600 ಹೆಕ್ಟೇರ್
ಬೆಳೆ ಇಲ್ಲದ ಸ್ತರದಿಂದ: 8,000 × 0.04 = 320 ಹೆಕ್ಟೇರ್
ಒಟ್ಟು ಅಂದಾಜು: 11,480 ಹೆಕ್ಟೇರ್

ಇಲ್ಲೊಂದು ಸೂಕ್ಷ್ಮವಿದೆ. ರಾಗಿ ಸ್ತರವನ್ನಷ್ಟೇ ತಪಾಸಣೆ ಮಾಡಿದ್ದರೆ 12,000ವನ್ನು 10,560ಕ್ಕೆ ಇಳಿಸಿ "ಸಮೀಕ್ಷೆಯಲ್ಲಿ ಶೇ 12ರಷ್ಟು ಸುಳ್ಳು" ಎಂದು ಘೋಷಿಸಿಬಿಡುತ್ತಿದ್ದೆವು. ಆ್ಯಪ್ ಬಿಟ್ಟುಹೋದ 920 ಹೆಕ್ಟೇರ್ ಲೆಕ್ಕಕ್ಕೇ ಬರುತ್ತಿರಲಿಲ್ಲ. ದಾಖಲೆಯಲ್ಲಿ ಇರುವುದನ್ನು ಮಾತ್ರ ಪರೀಕ್ಷಿಸಿ ಇಲ್ಲದಿರುವುದನ್ನು ಬಿಡುವ ತಪಾಸಣೆ ನಮ್ಮಲ್ಲಿ ತೀರಾ ಸಾಮಾನ್ಯ. ಅದರ ಪೆಟ್ಟು ತಿನ್ನುವವರು ದಾಖಲಾಗದೆ ಉಳಿದ ರೈತರು.

ಇನ್ನು ಪ್ರಮಾಣಿತ ದೋಷ, ಅಂದರೆ ಮಾದರಿಯಿಂದ ಬಂದ ಅಂದಾಜು ಎಷ್ಟರಮಟ್ಟಿಗೆ ಆಚೀಚೆ ಆಗಬಹುದು ಎಂಬುದು. p ಎಂದರೆ ಆ ಸ್ತರದ ಮಾದರಿಯಲ್ಲಿ ರಾಗಿ ಕಂಡ ಪಾಲು (0.88, 0.06, 0.04). ಪ್ರತಿ ಸ್ತರಕ್ಕೂ ವಿಸ್ತೀರ್ಣದ ವರ್ಗವನ್ನು p(1-p)ಯಿಂದ ಗುಣಿಸಿ 99ರಿಂದ (ಮಾದರಿ ತಾಕು 100, ಅದರಲ್ಲಿ ಒಂದು ಕಳೆದು) ಭಾಗಿಸಿ. ಮೂರನ್ನೂ ಕೂಡಿಸಿ ವರ್ಗಮೂಲ ತೆಗೆಯಿರಿ. ಕ್ರಮವಾಗಿ 1,53,600, 56,970 ಮತ್ತು 24,824 ಬರುತ್ತವೆ. ಮೊತ್ತ 2,35,394, ವರ್ಗಮೂಲ ಸುಮಾರು 485 ಹೆಕ್ಟೇರ್. ಶೇ 95ರ ಭರವಸೆಯ ವ್ಯಾಪ್ತಿಗಾಗಿ ಅದನ್ನು 1.96ರಿಂದ ಗುಣಿಸಿದರೆ ಸುಮಾರು 950. ಹೀಗಾಗಿ ಪ್ರಕಟಿಸಬೇಕಾದದ್ದು 11,480 ಹೆಕ್ಟೇರ್, ಆಚೀಚೆ 950.

ಆ್ಯಪ್‌ನ 12,000 ಈ ವ್ಯಾಪ್ತಿಯೊಳಗೇ ಇದೆ. ಆದ್ದರಿಂದ ಈ 300 ತಾಕುಗಳ ಬಲದ ಮೇಲೆ ಸಮೀಕ್ಷೆಯ ಒಟ್ಟು ಅಂಕಿ ತಪ್ಪು ಎಂದು ಹೇಳಲಾಗದು. ತಾಕುವಾರು ದಾಖಲೆಯಲ್ಲಿ ತಪ್ಪುಗಳಿವೆ, ಅವು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸಿವೆ ಎಂಬಷ್ಟು ಮಾತ್ರ ಹೇಳಬಹುದು. ಒಟ್ಟು ಅಂಕಿಗೆ ಇದು ಸಮಾಧಾನ. ವಿಮೆ ಸಿಗದ ಒಬ್ಬ ರೈತರಿಗೆ ಅಲ್ಲ.

ಮೂಲಗಳನ್ನು ಸೇರಿಸಿದ್ದರಿಂದ ಏನು ಸಿಕ್ಕಿತು? ಆ್ಯಪ್ ಇಲ್ಲದೆ ತಾಲ್ಲೂಕಿನಾದ್ಯಂತ ಇದೇ 300 ತಾಕು ಆರಿಸಿದ್ದರೆ ಪ್ರಮಾಣಿತ ದೋಷ ಸುಮಾರು 843 ಹೆಕ್ಟೇರ್ ಆಗುತ್ತಿತ್ತು. ಅದನ್ನು 485ಕ್ಕೆ ಇಳಿಸಲು ಸುಮಾರು 900 ತಾಕು ಸುತ್ತಬೇಕಿತ್ತು. ಪೂರ್ತಿ ನಂಬಲಾಗದ ದಾಖಲೆಯೇ 600 ತಾಕುಗಳ ತಿರುಗಾಟ ಉಳಿಸಿತು! ಮುಂದಿನ ಸಲ ತಾಕುಗಳನ್ನು 100ರಂತೆ ಸಮ ಹಂಚದೆ 150, 90, 60 ಎಂದು ಹಂಚಿದರೆ ದೋಷ 450ರ ಸಮೀಪಕ್ಕೆ ಇಳಿಯುತ್ತದೆ.

ಹಂತ 7: ಇಳುವರಿ

ವಿಸ್ತೀರ್ಣ ಬಂತು. ಉತ್ಪಾದನೆ ಬೇಕಾದರೆ ಇಳುವರಿ ಬೇಕು, ಅದಕ್ಕೆ ಬೆಳೆ ಕಟಾವು ಪ್ರಯೋಗ. ಭಾರತದ ಮಟ್ಟಿಗೆ ಇದು ಹಳೆಯ ವಿದ್ಯೆ. 1920ರ ದಶಕದಲ್ಲಿ ಬಿಹಾರ ಮತ್ತು ಒರಿಸ್ಸಾದಲ್ಲಿ ಅಧಿಕಾರಿ ಹಬ್ಯಾಕ್ ಭತ್ತಕ್ಕೆ ಮಾಡಿ ನೋಡಿದರು. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮಹಾಲನೋಬಿಸ್ ಮತ್ತು ಸುಖಾತ್ಮೆ ಅದನ್ನು ದೊಡ್ಡ ಮಟ್ಟಕ್ಕೆ ಒಯ್ದರು. ತೀರಾ ಚಿಕ್ಕ ಚೌಕ ಕೊಯ್ದರೆ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ಸುಖಾತ್ಮೆ ತೋರಿಸಿದರು. ಗೆರೆಯ ಮೇಲಿರುವ ಗಿಡವನ್ನು ಒಳಗೆ ಸೇರಿಸಿಕೊಳ್ಳುವುದು ಕೈಯ ಸ್ವಭಾವ, ಚೌಕ ಚಿಕ್ಕದಾದಷ್ಟೂ ಅಂಚಿನ ಪಾಲು ಜಾಸ್ತಿ.

ರಾಗಿಗೆ ಈಗ 5 ಮೀಟರ್ × 5 ಮೀಟರ್ ಚೌಕ. ಹೊಲದ ನೈಋತ್ಯ ಮೂಲೆಯಿಂದ ಯಾದೃಚ್ಛಿಕ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೂ ಅಗಲಕ್ಕೂ ನಡೆದು ಗೂಟ ಹೊಡೆಯಬೇಕು. ಹಗ್ಗ ಬಿಗಿಯಾಗಿ ಎಳೆದು ಕರ್ಣ ಅಳೆಯಿರಿ, 7.07 ಮೀಟರ್ ಬರದಿದ್ದರೆ ಚೌಕ ಸೊಟ್ಟಗಿದೆ. 25 ಚದರ ಮೀಟರ್ ಎಂದರೆ ಹೆಕ್ಟೇರಿನ 400ನೇ ಒಂದು ಭಾಗ. ಕೊಯ್ದು, ಒಕ್ಕಿ, ತೂರಿದ ಕಾಳು 4.5 ಕಿಲೊ ಬಂದರೆ ಹೆಕ್ಟೇರಿಗೆ 18 ಕ್ವಿಂಟಲ್. ತಕ್ಕಡಿಯಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕಿಲೊ ತಪ್ಪಿತು. ಹಸಿ ಕಾಳಿನ ತೂಕವನ್ನೇ ಬರೆದು ಒಣಗಿದ ಮೇಲಿನ ತೂಕ ಬರೆಯಲು ಮರೆತರೆ ಇದಕ್ಕಿಂತ ದೊಡ್ಡ ತಪ್ಪು ಸೇರಿಕೊಳ್ಳುತ್ತದೆ.

ಪ್ರಯೋಗದ ಹೊಲಗಳನ್ನು ನಾಲ್ಕನೇ ಹಂತದ ಪಟ್ಟಿಯಿಂದಲೇ ಆರಿಸಿ. ವಿಮೆಗೆ ಮಾಡುವ ಪ್ರಯೋಗಗಳ ದತ್ತಾಂಶವನ್ನೂ ಸೇರಿಸಿಕೊಳ್ಳಬಹುದು. ಆದರೆ ಅಲ್ಲಿ ಇಳುವರಿ ಕಡಿಮೆ ಬಂದರೆ ಪರಿಹಾರ, ಹೆಚ್ಚು ಬಂದರೆ ಇಲ್ಲ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ, ಎಳೆದಾಟ ಎರಡೂ ಕಡೆಯಿಂದ ಇರುತ್ತದೆ. ಎರಡು ಗುಂಪಿನ ಪ್ರಯೋಗಗಳ ಸರಾಸರಿಯನ್ನು ಮೊದಲು ಬೇರೆ ಬೇರೆ ನೋಡಿ. ತೀರಾ ಅಂತರವಿದ್ದರೆ ಕಾರಣ ಹುಡುಕುವವರೆಗೂ ಬೆರೆಸಬೇಡಿ.

ವಿಸ್ತೀರ್ಣದ ದೋಷ ಶೇ 4.2, ಇಳುವರಿಯದ್ದು ಶೇ 6 ಎಂದಿಟ್ಟುಕೊಂಡರೆ ಉತ್ಪಾದನೆಯ ದೋಷ ಎರಡರ ವರ್ಗಗಳ ಮೊತ್ತದ ವರ್ಗಮೂಲ, ಸುಮಾರು ಶೇ 7.3. ಈ ಪರಿಸ್ಥಿತಿಯಲ್ಲಿ ಇನ್ನಷ್ಟು ಹಣವಿದ್ದರೆ ಹೊಸ ಉಪಗ್ರಹ ಚಿತ್ರಕ್ಕೆ ಹಾಕುವ ಬದಲು ಕಟಾವು ಪ್ರಯೋಗಗಳ ಮೇಲ್ವಿಚಾರಣೆಗೆ ಹಾಕುವುದೇ ಸರಿ.

ಹಂತ 8: ಪಂಚಾಯಿತಿ ಮಟ್ಟಕ್ಕೆ ಇಳಿಸುವುದು

ಎಲ್ಲರೂ ಕೇಳುವುದು ಗ್ರಾಮ ಪಂಚಾಯಿತಿವಾರು ಅಂಕಿಯನ್ನೇ. 300 ತಾಕುಗಳನ್ನು ಪಂಚಾಯಿತಿಗಳಿಗೆ ಹಂಚಿದರೆ ಒಂದೊಂದಕ್ಕೆ ಎಂಟೋ ಹತ್ತೋ ಬರುತ್ತವೆ. ಅಷ್ಟರಿಂದ ನೇರ ಅಂದಾಜು ಮಾಡಿದರೆ ಅಂಕಿ ಕುಣಿಯುತ್ತದೆ. ಇದಕ್ಕೆ ದಾರಿ ಎರಡು ಅಂದಾಜುಗಳನ್ನು ತೂಕ ಹಾಕಿ ಬೆರೆಸುವುದು.

ಒಂದು ಪಂಚಾಯಿತಿಯಲ್ಲಿ ಆ್ಯಪ್ ಪ್ರಕಾರ ರಾಗಿ 600 ಹೆಕ್ಟೇರ್. ತಾಲ್ಲೂಕಿನ ತಿದ್ದುಪಡಿ ಅನುಪಾತ 11,480 ÷ 12,000 = 0.957, ಅದರಿಂದ 574 ಬರುತ್ತದೆ. ಅಲ್ಲಿನ ಒಂಬತ್ತು ತಾಕುಗಳ ನೇರ ಅಂದಾಜು 480, ಪ್ರಮಾಣಿತ ದೋಷ 90. ಪಂಚಾಯಿತಿಗಳು ತಾಲ್ಲೂಕಿನ ಅನುಪಾತದಿಂದ ಸಾಮಾನ್ಯವಾಗಿ 60 ಹೆಕ್ಟೇರಿನಷ್ಟು ಸರಿಯುತ್ತವೆ ಎಂದು ಎಲ್ಲ ಪಂಚಾಯಿತಿಗಳ ದತ್ತಾಂಶದಿಂದ ತಿಳಿದಿದೆ ಎನ್ನೋಣ. 60ರ ಮತ್ತು 90ರ ವರ್ಗ 3,600 ಮತ್ತು 8,100. ನೇರ ಅಂದಾಜಿಗೆ ಕೊಡುವ ತೂಕ 3,600 ÷ (3,600 + 8,100) = 0.31. ಬೆರೆಸಿದ ಅಂಕಿ ಸುಮಾರು 545 ಹೆಕ್ಟೇರ್. ಎಲ್ಲ ಪಂಚಾಯಿತಿಗಳದ್ದೂ ಹೀಗೆ ಮಾಡಿ, ಕೊನೆಗೆ ಮೊತ್ತ 11,480ಕ್ಕೆ ಸರಿಹೊಂದುವಂತೆ ಒಂದೇ ಗುಣಕದಿಂದ ಗುಣಿಸಿ. ಸಮೀಕ್ಷೆ ಮತ್ತು ಉಪಗ್ರಹ ಚಿತ್ರವನ್ನು ಹೀಗೆ ಬೆಸೆದು ಚಿಕ್ಕ ಪ್ರದೇಶಕ್ಕೆ ಅಂದಾಜು ಮಾಡುವ ಮಾದರಿಯನ್ನು ಅಮೆರಿಕದ ಅಯೋವಾದ 12 ಕೌಂಟಿಗಳ (ಜಿಲ್ಲೆಯಂಥ ಆಡಳಿತ ವಿಭಾಗಗಳ) ಮುಸುಕಿನ ಜೋಳ, ಸೋಯಾ ಮೇಲೆ ಪ್ರಯೋಗಿಸಿದ ಅಧ್ಯಯನ 1988ರಲ್ಲೇ ಪ್ರಕಟವಾಗಿದೆ, ಇಂದಿಗೂ ಪಾಠದಲ್ಲಿದೆ.

ಹೀಗೆ ಬಂದ ಪಂಚಾಯಿತಿ ಅಂಕಿ ಯೋಜನೆ ರೂಪಿಸಲು ಸಾಕು. ಯಾರಿಗಾದರೂ ಪರಿಹಾರ ನಿರಾಕರಿಸಲು ಸಾಲದು. ಇದನ್ನು ಪ್ರಕಟಣೆಯಲ್ಲೇ ಬರೆಯಿರಿ.

ಹಂತ 9: ಹೊರಗಿನ ದಾಖಲೆಯ ಜೊತೆ ಒರೆಗೆ ಹಚ್ಚಿ

ಮಳೆ, ಬೀಜ, ಆವಕ ಈಗ ಬರಲಿ. ಬಿತ್ತನೆ ವಾರಗಳಲ್ಲಿ ಮಳೆಯೇ ಬೀಳದ ಹೋಬಳಿಯಲ್ಲಿ ರಾಗಿ ಹೆಚ್ಚಿದೆ ಎಂದು ಬಂದಿದ್ದರೆ ಕಡತ ಮತ್ತೆ ತೆರೆಯಿರಿ. ಖರೀದಿ ಕೇಂದ್ರಕ್ಕೆ ಬಂದ ರಾಗಿ ಅಂದಾಜು ಉತ್ಪಾದನೆಗಿಂತ ಹೆಚ್ಚಿದ್ದರೂ ಅಷ್ಟೇ. ಆದರೆ ಒರೆಗೆ ಹಚ್ಚಿ ಹೊಂದಲಿಲ್ಲವೆಂದು ಅಂದಾಜನ್ನೇ ತಿರುಚಬಾರದು. ತಪ್ಪು ಎಲ್ಲಿ ಎಂದು ಕಂಡುಹಿಡಿದು ಆ ಹಂತವನ್ನು ಮತ್ತೆ ಮಾಡಿ. ಕಾಣದಿದ್ದರೆ ವ್ಯತ್ಯಾಸವನ್ನು ಹಾಗೇ ಪ್ರಕಟಿಸಿ.

ಹಂತ 10: ಗೋಪ್ಯತೆ ಮತ್ತು ಪ್ರಕಟಣೆ

ವಿಶ್ವಸಂಸ್ಥೆಯ ಅಧಿಕೃತ ಅಂಕಿಅಂಶಗಳ ಮೂಲ ತತ್ವಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಸಮೀಕ್ಷೆಯಾಗಲಿ ಆಡಳಿತ ದಾಖಲೆಯಾಗಲಿ, ಗುಣಮಟ್ಟ, ಸಮಯ, ವೆಚ್ಚ, ಮಾಹಿತಿ ಕೊಡುವವರ ಮೇಲಿನ ಹೊರೆ ನೋಡಿ ಮೂಲವನ್ನು ಆರಿಸಬಹುದು ಎನ್ನುತ್ತದೆ ಒಂದು. ವ್ಯಕ್ತಿಗಳ ಮಾಹಿತಿ ಗೋಪ್ಯವಾಗಿದ್ದು ಅಂಕಿಅಂಶಕ್ಕೆ ಮಾತ್ರ ಬಳಕೆಯಾಗಬೇಕು ಎನ್ನುತ್ತದೆ ಇನ್ನೊಂದು. ಜೋಡಣೆ ಮುಗಿದೊಡನೆ ಹೆಸರು, ಫ್ರೂಟ್ಸ್ ಐಡಿ, ಫೋನ್ ನಂಬರ್ ಕಿತ್ತು ತಾಕಿಗೊಂದು ಅರ್ಥವಿಲ್ಲದ ಸಂಖ್ಯೆ ಕೊಡಿ. ನಿಜವಾದ ಕೀಲಿಯ ಫೈಲ್ ಒಬ್ಬ ಅಧಿಕಾರಿಯ ಸುಪರ್ದಿಯಲ್ಲಿರಲಿ. ತಪಾಸಣೆಯಲ್ಲಿ ಸಿಕ್ಕಿದ ತಪ್ಪು ತಾಕುಗಳ ಪಟ್ಟಿಯನ್ನು ಸೌಲಭ್ಯ ರದ್ದು ಮಾಡಲು ಕೊಟ್ಟಿರೋ, ಮುಂದಿನ ವರ್ಷ ನಿಮ್ಮ ತಪಾಸಕರಿಗೆ ಯಾವ ಊರಿನಲ್ಲೂ ನಿಜ ಹೇಳುವವರು ಸಿಗುವುದಿಲ್ಲ.

ಪ್ರಕಟಣೆಯ ಒಂದೇ ಪುಟದಲ್ಲಿ ಅಂಕಿ, ಅದರ ದೋಷ ವ್ಯಾಪ್ತಿ, ಬಳಸಿದ ಮೂಲಗಳು ಮತ್ತು ತಾರೀಖು, ಜೋಡಿಯಾಗದ ತಾಕುಗಳ ಪ್ರಮಾಣ, ಹೋಗಲಾಗದ ತಾಕುಗಳ ಸಂಖ್ಯೆ, ಮಿಶ್ರ ಬೆಳೆಯ ನಿಯಮ ಇರಲಿ. ಮೊದಲ ಅಂದಾಜು ಯಾವಾಗ, ಪರಿಷ್ಕೃತ ಅಂದಾಜು ಯಾವಾಗ ಎಂದು ಹಂಗಾಮಿಗೆ ಮೊದಲೇ ಘೋಷಿಸಿ, ಆ ದಿನವೇ ಬಿಡುಗಡೆ ಮಾಡಿ.

ಕೊನೆಯದಾಗಿ, ಈ ವರ್ಷದ 300 ತಾಕುಗಳ ಪಟ್ಟಿಯನ್ನು ಎಸೆಯಬೇಡಿ. ಮುಂದಿನ ಮುಂಗಾರಿಗೆ ಅದರಲ್ಲಿ ಅರ್ಧ ಉಳಿಸಿಕೊಂಡು ಅರ್ಧ ಹೊಸದಾಗಿ ಆರಿಸಿ. ಉಳಿಸಿಕೊಂಡ ತಾಕುಗಳಿಂದ ರಾಗಿ ಬಿಟ್ಟು ಮುಸುಕಿನ ಜೋಳಕ್ಕೋ ಅಡಿಕೆಗೋ ಹೋದವರ ಲೆಕ್ಕ ನೇರವಾಗಿ ಸಿಗುತ್ತದೆ. ಯಾವ ತಾಕುಗಳು ಉಳಿದಿವೆ ಎಂಬುದು ಪಿಆರ್‌ಗಳಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಿ. ಗೊತ್ತಾದರೆ ಆ ತಾಕುಗಳ ಸಮೀಕ್ಷೆ ಮಾತ್ರ ಚೊಕ್ಕವಾಗಿ ನಡೆದು, ಉಳಿದ ತಾಲ್ಲೂಕಿನ ಬಗ್ಗೆ ಅವು ಏನನ್ನೂ ಹೇಳದಂತಾಗುತ್ತವೆ.